ಕನ್ನಡಕದ ಹಾಜರಿ

ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆ ಕಟ್ಟಿದವಳು ಯಾರೋ ನನಗೆ ಗೊತ್ತಿಲ್ಲ. ಆದರೆ ಅವಳ ಗಂಡ ಯಾವುದೋ ಸೇವಾ ಸಂಘದಲ್ಲಿದ್ದ ಎಂಬುದರಲ್ಲಿ ಅನುಮಾನವಿಲ್ಲ. ನಮ್ಮ ಯಜಮಾನರು ಮದುವೆಗೆ ಮೊದಲೇ ಸಂಘ ಸೇರಿದವರು. ಅದು ಹಿರಿಯ ಹೆಂಡತಿ, ನಾನು ಕಿರಿಯಳು ಎಂದು ಆಗಾಗ ಚುಚ್ಚುತ್ತಿದ್ದೆ. ಅವರು ನಕ್ಕು, ಕೋಟಿಗೆ ಬ್ಯಾಡ್ಜ್ ಸಿಕ್ಕಿಸಿಕೊಂಡು, ಗುರುವಾರ ಸಂಜೆಯಾದರೆ ಹಿರಿಯವಳ ಮನೆಗೆ ಹೊರಟುಬಿಡುತ್ತಿದ್ದರು.

ನಮ್ಮದು ಕನ್ನಡಕದ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಅವರು ಒಳಗಿನ ಮೇಜಿನಲ್ಲಿ ಗಾಜಿನ ಅಂಚು ಉಜ್ಜುತ್ತಿದ್ದರು, ನಾನು ಗಲ್ಲಾದ ಹತ್ತಿರ ಕೂತು ಗಿರಾಕಿಗಳ ಮೂಗಿಗೂ ಕಿವಿಗೂ ಫ್ರೇಮು ಹೊಂದಿಸಿ ಕೊಡುತ್ತಿದ್ದೆ. ಸಂಘದಲ್ಲಿ ಒಂದು ಕಸುಬಿಗೆ ಒಬ್ಬರೇ ಸದಸ್ಯರು. ಅದಕ್ಕೇ ಹಾಜರಿ ಕೂಗುವಾಗ ಹೆಸರು ಕೂಗುವುದಿಲ್ಲ, ಕಸುಬು ಕೂಗುತ್ತಾರೆ. ಬೇಕರಿ ಎಂದರೆ ಬೇಕರಿಯವರು, ಹಲ್ಲು ಎಂದರೆ ಹಲ್ಲಿನ ಡಾಕ್ಟರು, ಫರ್ನಿಚರ್ ಎಂದರೆ ಅಧ್ಯಕ್ಷರು, ವಿಮೆ ಎಂದರೆ ಆ ಹಾಜರಿ ಕೂಗುವ ಕಾರ್ಯದರ್ಶಿಯೇ. ತನ್ನನ್ನು ತಾನೇ ಕೂಗಿಕೊಂಡು, ತಾನೇ "ಬಂದಿದ್ದೀನಿ" ಎಂದು ಉತ್ತರ ಕೊಡುವ ಪುಣ್ಯಾತ್ಮ. ನಮ್ಮವರು ಕನ್ನಡಕ.

ಸಂಘ ಮಾಡಿದ ಸೇವೆಯನ್ನು ನಾನು ಅಲ್ಲಗಳೆಯುವುದಿಲ್ಲ. ಪಾರ್ಕಿನಲ್ಲಿ ಒಂದು ಕಲ್ಲಿನ ಬೆಂಚು ಹಾಕಿಸಿದ್ದಾರೆ. ಒರಗುವ ಜಾಗದ ತುಂಬ ದಾನಿಗಳ ಹೆಸರು ಉಬ್ಬಿಸಿ ಕೆತ್ತಿಸಿದ್ದರಿಂದ ಅಲ್ಲಿ ಒರಗಿದವರು ಮತ್ತೆ ಒರಗುವುದಿಲ್ಲ. ಬೀದಿ ಮೂಲೆಗೆ ಕಸದ ಡಬ್ಬಿ ಇಡುವ ವಿಷಯ ಬಹಳ ವರ್ಷದಿಂದ ಚರ್ಚೆಯಲ್ಲಿದೆ, ಮುಚ್ಚಳ ಇರಬೇಕೋ ಬೇಡವೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಆದರೆ ಒಂದು ವಿಷಯದಲ್ಲಿ ನಮ್ಮ ಸಂಘವನ್ನು ಮೀರಿಸುವವರಿಲ್ಲ, ಅದು ಹಾಜರಿ. ವಾರ ತಪ್ಪದೆ, ಒಬ್ಬರೂ ತಪ್ಪದೆ, ವರ್ಷಗಟ್ಟಲೆ ಪೂರ್ಣ ಹಾಜರಿ. ಹಲ್ಲಿನ ಡಾಕ್ಟರ ಮಗಳು ಹೆರಿಗೆ ನೋವಿನಲ್ಲಿದ್ದ ದಿನವೂ ಆತ ಓಡಿ ಬಂದು, "ಬಂದಿದ್ದೀನಿ" ಎಂದು ಕೂಗಿ, ಅದೇ ಓಟದಲ್ಲಿ ವಾಪಸು ಹೋಗಿದ್ದ. ಹತ್ತು ವರ್ಷ ಹೀಗೆ ನಡೆದರೆ ಜಿಲ್ಲೆಯ ಮೇಲಿನ ಸಂಘದವರು ಬೆಳ್ಳಿ ಬಣ್ಣದ ಫಲಕ ಕೊಡುತ್ತಾರೆ. ಆ ಹತ್ತನೆಯ ವರ್ಷವೇ ನಮ್ಮವರಿಗೆ ಲಕ್ವ ಹೊಡೆಯಿತು.

ಬಲಗೈ ಬಿದ್ದುಹೋಯಿತು, ಮಾತು ಪೂರ್ತಿ ನಿಂತಿತು. ನಾನು ಆಸ್ಪತ್ರೆಯ ಸ್ಟೂಲಿನ ಮೇಲೆ ಕೂತು, ದೇವರೇ, ಇವರ ಜೀವ ಒಂದು ಉಳಿಸು ಎಂದು ಬೇಡಿಕೊಳ್ಳುತ್ತಿರುವಾಗ ಗುರುವಾರ ಬಂತು, ಜೊತೆಗೆ ಸಂಘವೂ ಬಂತು. ಸಂಘದ ನಿಯಮದಂತೆ ವರ್ಷದ ನಡುವೆ ಸದಸ್ಯರನ್ನು ಪಟ್ಟಿಯಿಂದ ತೆಗೆಯುವ ಹಾಗಿಲ್ಲ. ಸಭೆ ಎಲ್ಲಿ ಬೇಕಾದರೂ ನಡೆಸಬಹುದು, ಹಾಜರಿ ಕೂಗುವಾಗ ಎಲ್ಲರೂ ಒಂದೇ ಸೂರಿನಡಿ ಇದ್ದರೆ ಸಾಕು. ನರ್ಸ್ ಗದರುತ್ತಿದ್ದರೂ ಮಂಚದ ಕಾಲ ಹತ್ತಿರ ಸಾಲಾಗಿ ನಿಂತು ಪಿಸುದನಿಯಲ್ಲಿ ಹಾಜರಿ ಮುಗಿಸಿದರು. "ಕನ್ನಡಕ?" ಎಂದಾಗ ಅಧ್ಯಕ್ಷರು ಮಂಚದ ಕಡೆ ಬೆರಳು ತೋರಿಸಿ, ಇದ್ದಾರಲ್ಲ, ಗುರುತು ಹಾಕಿ ಎಂದರು. ಬೇಕರಿಯವರು ತಂದಿದ್ದ ಬನ್ನನ್ನು ವರಾಂಡದಲ್ಲಿ ನಿಂತು ತಾವೇ ತಿಂದರು. ನೀನು ಊಟ ಮಾಡಿದೆಯಾ ತಾಯಿ ಎಂದು ಒಬ್ಬ ಮಹಾರಾಯನೂ ನನ್ನನ್ನು ಕೇಳಲಿಲ್ಲ.

ಮನೆಗೆ ಕರೆತಂದ ಮೇಲೆ ಸಭೆ ನಮ್ಮ ನಡುಮನೆಗೆ ಬಂತು. ಅಧ್ಯಕ್ಷರು ತಮ್ಮ ಅಂಗಡಿಯಿಂದ ಹೊಸ ಕುರ್ಚಿಗಳನ್ನು ಬೆಲೆ ಚೀಟಿ ಸಮೇತ ಗಾಡಿಯಲ್ಲಿ ಕಳಿಸುತ್ತಿದ್ದರು, ಸಭೆ ಮುಗಿದ ಕೂಡಲೇ ವಾಪಸು ತರಿಸಿಕೊಳ್ಳುತ್ತಿದ್ದರು. ಸದಸ್ಯರು ಚೀಟಿ ಹರಿಯದ ಹಾಗೆ ಹುಷಾರಾಗಿ ಕೂರುತ್ತಿದ್ದರು. ಕೂತು ಮುಚ್ಚಳದ ಬಗ್ಗೆ ಮಾತಾಡುತ್ತಿದ್ದರು. ನಾನು ಚಹಾ ಕಾಸಬೇಕು, ಲೋಟ ತೊಳೆಯಬೇಕು, ಬೂಟಿನ ಮಣ್ಣು ಗುಡಿಸಬೇಕು. ಈ ಸಂಘದ ಫಲಕಕ್ಕೆ ಬೆಂಕಿ ಬೀಳಲಿ ಎಂದು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತಿದ್ದೆ.

ಇತ್ತ ಮಾತು ಕಲಿಸುವ ಹುಡುಗಿಯೊಬ್ಬಳು ವಾರಕ್ಕೆ ಎರಡು ಸಲ ಬರುತ್ತಿದ್ದಳು. ಬಟ್ಟಲಿನ ಚಿತ್ರ, ನಾಯಿಯ ಚಿತ್ರ, ಬಾಗಿಲಿನ ಚಿತ್ರ ತೋರಿಸಿ, ಇದೇನು ಅಂಕಲ್ ಎಂದು ಕೇಳುತ್ತಿದ್ದಳು. ಇವರು ಅವಳನ್ನು, ಪಾಪ, ಇಷ್ಟು ದೊಡ್ಡವಳಾದರೂ ನಾಯಿ ಯಾವುದು ಅಂತ ಗೊತ್ತಿಲ್ಲವಲ್ಲ ಎಂಬಂತೆ ನೋಡುತ್ತಿದ್ದರು. ಬಾಯಿಂದ ಒಂದಕ್ಷರ ಬರಲಿಲ್ಲ.

ಒಂದು ಗುರುವಾರ ನಾನು ಚಹಾ ಸೋಸುತ್ತಿದ್ದೆ. ನಡುಮನೆಯಲ್ಲಿ ಕಾರ್ಯದರ್ಶಿ ಹಾಜರಿ ಕೂಗುತ್ತಿದ್ದ. "ಹಲ್ಲು?" ಆಯಿತು, "ಕನ್ನಡಕ?" ಎಂದ. ಮಾಮೂಲಿನಂತೆ ಗುರುತು ಹಾಕಿ ಮುಂದೆ ಹೋಗಬೇಕಿತ್ತು. ಅಷ್ಟರಲ್ಲಿ ಒಡೆದ ಕೊಳಲಿನಂಥ ದನಿಯೊಂದು "ಬಂ...ದಿದ್ದೀನಿ" ಎಂದಿತು.

ನನ್ನ ಕೈಯಲ್ಲಿದ್ದ ಜರಡಿ ಎಲ್ಲಿ ಬಿತ್ತೋ. ಓಡಿ ಬಂದು ಬಾಗಿಲಲ್ಲಿ ನಿಂತೆ, ಕಣ್ಣೀರು ಧಾರಾಕಾರವಾಗಿ ಸುರಿಯುತ್ತಿತ್ತು. ಇವರ ಎಡಗೈ ಇನ್ನೂ ಮೇಲೆಯೇ ಇತ್ತು. ಕಾರ್ಯದರ್ಶಿ ಗುರುತು ಹಾಕಿ, "ಬೇಕರಿ?" ಎಂದ. ಬೇಕರಿಯವರು ಬಂದಿದ್ದೀನಿ ಎಂದರು. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, ಮಿತ್ರರೇ, ಮುಚ್ಚಳದ ವಿಷಯಕ್ಕೆ ಬರೋಣ ಎಂದರು.

ಮಾರನೆಯ ದಿನ ನಾನೇ ಇವರ ಎದುರು ನಿಂತು "ಕನ್ನಡಕ?" ಎಂದು ಕೂಗಿದೆ. ಕಾರ್ಯದರ್ಶಿಯ ಕೆಲಸ ನಿನಗೆ ಯಾವಾಗ ಕೊಟ್ಟರು ಎಂಬಂತೆ ಹುಬ್ಬು ಗಂಟಿಕ್ಕಿ ಮುಖ ತಿರುಗಿಸಿದರು. ನಾದಿನಿ ಬಂದು ಕೂಗಿದಳು, ಅದೂ ಆಗಲಿಲ್ಲ. ಗುರುವಾರವೇ ಬೇಕು, ಸಂಘವೇ ಬೇಕು, ಆ ವಿಮೆಯವನ ಮೂಗಿನ ದನಿಯೇ ಬೇಕು. ಹಿರಿಯವಳ ಋಣ ಅಂದರೆ ಹೀಗೆ. ಮಾತು ಕಲಿಸುವ ಹುಡುಗಿ ಇದನ್ನು ಕೇಳಿ ಚಿತ್ರಗಳನ್ನು ಚೀಲಕ್ಕೆ ತುಂಬಿಕೊಂಡಳು.

"ಆಂಟಿ, ನನ್ ಕೈಲಿ ಆಗದೇ ಇದ್ದಿದ್ದನ್ನ ಅವ್ರು ಒಂದು ಕೂಗಲ್ಲಿ ಮಾಡಿದ್ರು. ಆ ಸಭೆ ಮಾತ್ರ ತಪ್ಪಿಸ್ಬೇಡಿ. ಈ ಒಂದು ಮಾತಿನ ಎಳೆ ಹಿಡ್ಕೊಂಡೇ ಮಿಕ್ಕಿದ್ದು ಬರ್ಬೇಕು. ಇದೂ ನಿಂತು ಹೋದ್ರೆ ಮಾತು ಬರತ್ತೆ ಅನ್ನೋ ಧೈರ್ಯ ನಂಗಿಲ್ಲ."

ಅಂದಿನಿಂದ ನನ್ನ ಬಾಯಿ ಬಂದ್. ಚಹಾಕ್ಕೆ ಏಲಕ್ಕಿ ಹಾಕಿದೆ. ಬಾಗಿಲಲ್ಲಿ ಕಾಲೊರೆಸು ಹಾಸಿದೆ. ಮುಚ್ಚಳದ ಚರ್ಚೆ ಮುಗಿಯದಿರಲಿ ಎಂದು ಹಾರೈಸಿದೆ. ವಾರದಿಂದ ವಾರಕ್ಕೆ ಇವರ "ಬಂದಿದ್ದೀನಿ" ಗಟ್ಟಿಯಾಗುತ್ತ ಬಂತು. ಬುಧವಾರವೇ ಗಡ್ಡ ಕೆರೆಸಿಕೊಳ್ಳಲು ಗಲ್ಲ ತೋರಿಸುತ್ತಿದ್ದರು.

ವರ್ಷ ಮುಗಿಯಿತು, ಬೆಳ್ಳಿ ಬಣ್ಣದ ಫಲಕ ಬಂತು. ಅದನ್ನು ನಮ್ಮ ಮನೆಗೇ ತಂದು ಇವರ ತೊಡೆಯ ಮೇಲಿಟ್ಟು ಫೋಟೋ ತೆಗೆದರು. ಆಮೇಲೆ ಅಧ್ಯಕ್ಷರು ದೀರ್ಘ ಭಾಷಣ ಮಾಡಿ, ಇವರನ್ನು ಸಂಘದ ಆಜೀವ ಗೌರವ ಸದಸ್ಯರನ್ನಾಗಿ ಮಾಡಿದ್ದೇವೆಂದು ಗಾಜು ಹಾಕಿಸಿದ ಪ್ರಶಸ್ತಿ ಪತ್ರ ಕೊಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಹೆಡ್ಡಿ. ಗುಟ್ಟು ಬಿಟ್ಟುಕೊಟ್ಟದ್ದು ಕಾರ್ಯದರ್ಶಿ, ಹೊರಗೆ ಬೂಟಿನ ಲೇಸು ಕಟ್ಟಿಕೊಳ್ಳುತ್ತ. ಗೌರವ ಸದಸ್ಯರಿಗೆ ಹಾಜರಿ ಇಲ್ಲವಂತೆ. ಅವರನ್ನು ಕೂಗುವುದಿಲ್ಲವಂತೆ. ಇನ್ನು ಮುಂದೆ ಸಭೆ ಮೊದಲಿನ ಹಾಗೆ ಫರ್ನಿಚರ್ ಅಂಗಡಿಯ ಮಹಡಿಯಲ್ಲಂತೆ. "ನಿಮಗೂ ತೊಂದ್ರೆ ತಪ್ತು ನೋಡಿ ಅಕ್ಕಾ" ಎಂದು ನಕ್ಕ.

ಮೂಗಿಗೆ ತುಪ್ಪ ಸವರುವುದು ಎಂದರೆ ಇದೇ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ನಾನು ಅಭಿಮಾನ ಬಿಟ್ಟು ಎಲ್ಲರನ್ನೂ ಕೇಳಿಕೊಂಡೆ. ಇವರ ಮಾತು ಬರುವುದು ಆ ಕೂಗಿನಿಂದಲೇ, ದಯವಿಟ್ಟು ಬನ್ನಿ ಎಂದೆ. ಖಂಡಿತ ಬರುತ್ತೇವೆ, ಸ್ನೇಹಕ್ಕಿಂತ ದೊಡ್ಡದು ಏನಿದೆ ಎಂದರು.

ಆ ಗುರುವಾರ ಇವರು ಕೋಟು ತೊಟ್ಟು, ಬ್ಯಾಡ್ಜ್ ಸಿಕ್ಕಿಸಿಕೊಂಡು, ಬಾಗಿಲಿಗೆ ಮುಖ ಮಾಡಿ ಕೂತರು. ಕತ್ತಲಾಗುವವರೆಗೂ ಕೂತರು. ಯಾರೂ ಬರಲಿಲ್ಲ. ಮುಂದಿನ ಗುರುವಾರವೂ ಹಾಗೇ. ಕಾರ್ಯದರ್ಶಿಗೆ ಫೋನ್ ಮಾಡಿದಾಗಲೆಲ್ಲ, ಈ ವಾರ ಖಂಡಿತ ಎನ್ನುತ್ತಿದ್ದ. ಬೇಕರಿಯವರು ಒಂದು ಚೀಲ ಬನ್ನು ಕಳಿಸಿಕೊಟ್ಟರು. ಬನ್ನು ಬಂದು ಕನ್ನಡಕ ಎಂದು ಕೂಗುತ್ತದೆಯೇ? ತಿಂಗಳು ಕಳೆಯುವಷ್ಟರಲ್ಲಿ ಇವರು ಬುಧವಾರ ಗಲ್ಲ ತೋರಿಸುವುದನ್ನು ಬಿಟ್ಟರು. ಕೋಟು ತಂದರೆ ತಲೆಯಾಡಿಸಿ ಬೇಡವೆಂದರು. ಆ ಹುಡುಗಿ ಕಿವಿ ಹಚ್ಚಿ ಕೇಳಿದರೂ ಗಂಟಲಲ್ಲಿ ಗಾಳಿಯ ಸದ್ದು ಮಾತ್ರ ಇತ್ತು.

ಅದೇ ವಾರ ಬೇಕರಿಯವರು ಕನ್ನಡಕದ ಕಡ್ಡಿ ಸಡಿಲವಾಗಿದೆ ಎಂದು ಅಂಗಡಿಗೆ ಬಂದರು. ನಾನು ಸ್ಕ್ರೂ ಬಿಗಿಸುತ್ತಿದ್ದಾಗ ತಮ್ಮ ಕಷ್ಟ ತೋಡಿಕೊಂಡರು. ಇನ್ನೊಂದು ವರ್ಷ ಪೂರ್ಣ ಹಾಜರಿ ಆದರೆ ಚಿನ್ನದ ಬಣ್ಣದ ಫಲಕ. ಆದರೆ ಸದಸ್ಯರ ಸಂಖ್ಯೆ ಹೋದ ವರ್ಷಕ್ಕಿಂತ ಕಡಿಮೆ ಇರಬಾರದು. ನಮ್ಮವರ ಜಾಗ ಖಾಲಿ. ಪಟ್ಟಿ ಈ ಗುರುವಾರ ಮೇಲಿನ ಸಂಘಕ್ಕೆ ಹೋಗಬೇಕು, ಕಳಿಸಿದ ಮೇಲೆ ಬದಲಾಯಿಸುವಂತಿಲ್ಲ. ಹೊಸಬರು ಯಾರೂ ಸಿಗುತ್ತಿಲ್ಲ, ವಾರ ವಾರ ಬರಬೇಕೆಂದರೆ ಜನ ಓಡಿಹೋಗುತ್ತಾರೆ. ಅವರು ಹೇಳುತ್ತಿದ್ದರು, ನಾನು ಹೂಂ ಎನ್ನುತ್ತಿದ್ದೆ. ಸಂಘದವರು ಚಾಪೆಯ ಕೆಳಗೆ ನುಸುಳಿದರೆ ನಾನು ರಂಗೋಲಿಯ ಕೆಳಗೆ ನುಸುಳಬೇಕು ಎಂದು ಆಗಲೇ ನಿಶ್ಚಯಿಸಿದೆ.

ಗುರುವಾರ ನಾದಿನಿಯನ್ನು ಇವರ ಹತ್ತಿರ ಕೂರಿಸಿ, ಇವರ ಬ್ಯಾಡ್ಜನ್ನೇ ಸಿಕ್ಕಿಸಿಕೊಂಡು ಫರ್ನಿಚರ್ ಅಂಗಡಿಯ ಮಹಡಿ ಹತ್ತಿದೆ. ಕನ್ನಡಕದ ಕಸುಬು ಖಾಲಿ ಇದೆಯಂತೆ, ನಾನು ಅದೇ ಕಸುಬಿನವಳು, ನನ್ನನ್ನು ಸೇರಿಸಿಕೊಳ್ಳಿ ಎಂದೆ. ಅಧ್ಯಕ್ಷರು ಇಂಗು ತಿಂದ ಮಂಗನ ಹಾಗೆ ಮುಖ ಮಾಡಿದರು. ಹೆಂಗಸರಿಗೆ ಬೇರೆ ವಿಭಾಗವಿದೆ, ವಾರ್ಷಿಕೋತ್ಸವದ ದಿನ ತಿಂಡಿ ಬಡಿಸುವುದು ಅವರ ಜವಾಬ್ದಾರಿ ಎಂದರು. ನಾನು ಸದಸ್ಯರ ನಡುವೆ ಕೂತಿದ್ದ ವಕೀಲರ ಕಡೆ ತಿರುಗಿ, ನಿಯಮದಲ್ಲಿ ಹಾಗಿದೆಯೇ ಎಂದೆ. ವಕೀಲರು ಸೂರು ನೋಡುತ್ತ, ಹಾಗೇನೂ ಇಲ್ಲ ಎಂದರು. ಯಾರಾದರೂ ಸದಸ್ಯರು ನಿಮ್ಮ ಹೆಸರು ಸೂಚಿಸಬೇಕಲ್ಲ ಎಂದು ಕಾರ್ಯದರ್ಶಿ ತಡವರಿಸಿದ. ಆಜೀವ ಗೌರವ ಸದಸ್ಯರು ಸೂಚಿಸಬಹುದು, ಇವರು ಮೂವತ್ತು ವರ್ಷ ನನ್ನ ಕಿವಿ ತೂತಾಗುವಷ್ಟು ನಿಯಮ ಹೇಳಿದ್ದಾರೆ ಎಂದು ನಾನು ಇವರ ಎಡಗೈ ಸಹಿಯಿದ್ದ ಸೂಚನೆಯ ಕಾಗದ ಮುಂದಿಟ್ಟೆ. ಇನ್ನೂ ವಾದ ಬೆಳೆಯುತ್ತಿತ್ತೇನೋ, ಆದರೆ ಪಕ್ಕದ ಕೋಣೆಯಲ್ಲಿ ಊಟ ಆರುತ್ತಿತ್ತು. ಕೈ ಎತ್ತಿ ಎಂದರು, ಎಲ್ಲರೂ ಎತ್ತಿದರು. ನನ್ನ ಹೆಸರು ಸೇರಿಸಿ ಪಟ್ಟಿ ಕಳಿಸಿದ ಮೇಲೆಯೇ ನಾನು ಮನೆಗೆ ಬಂದೆ.

ಮುಂದಿನ ಗುರುವಾರ ಮಧ್ಯಾಹ್ನ ಅಧ್ಯಕ್ಷರಿಗೆ ಫೋನ್ ಮಾಡಿದೆ.

"ಅಣ್ಣಾ, ಇವ್ರನ್ನ ಒಬ್ರನ್ನೇ ಬಿಟ್ಟು ಬರಕ್ಕಾಗಲ್ಲ. ನಾದಿನಿ ಪ್ರತಿ ವಾರ ಸಿಗಲ್ಲ. ನಾನಿವತ್ತು ಗೈರುಹಾಜರಿ ಅಂತ ಬರ್ಕೊಂಬಿಡಿ."

ಸಂಜೆ ಗಾಡಿಯಲ್ಲಿ ಕುರ್ಚಿಗಳು ಬಂದವು, ಬೆಲೆ ಚೀಟಿ ಸಮೇತ. ಹಿಂದೆಯೇ ಸಂಘ ಬಂತು. ಎಲ್ಲರ ಮುಖದಲ್ಲೂ ಹಲ್ಲುನೋವಿನ ನಗು. ಇವರು ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ಕುರ್ಚಿಗಳ ಸದ್ದಿಗೂ ತಿರುಗಲಿಲ್ಲ. ಇಷ್ಟೆಲ್ಲ ಮಾಡಿಯೂ ತಡವಾಯಿತೇನೋ ಎಂದು ನನಗೆ ಭಯ. ಕಣ್ಣೆದುರು ನೋಡಲಾರದೆ ಚಹಾದ ನೆಪದಲ್ಲಿ ಅಡುಗೆಮನೆಗೆ ಹೋದೆ.

"ಫರ್ನಿಚರ್?"

"ಬಂದಿದ್ದೀನಿ."

"ಹಲ್ಲು?"

"ಬಂದಿದ್ದೀನಿ."

"ಕನ್ನಡಕ?"

ಉತ್ತರ ಕೊಡಬೇಕಾದವಳು ನಾನು. ತುಟಿ ಬಿಗಿಹಿಡಿದು ನಿಂತೆ.

"ಬಂದಿದ್ದೀನಿ." ಗೊಗ್ಗರು ದನಿ, ಆದರೆ ಅದೇ ದನಿ.

ತಟ್ಟೆ ಹಿಡಿದು ಹೊರಗೆ ಬಂದೆ. ಕುರ್ಚಿ ಇತ್ತ ತಿರುಗಿತ್ತು, ಎಡಗೈ ಮೇಲಿತ್ತು. ಕಾರ್ಯದರ್ಶಿ ಪೆನ್ನು ಹಿಡಿದುಕೊಂಡು ಅಧ್ಯಕ್ಷರ ಮುಖ ನೋಡುತ್ತಿದ್ದ. ಗೌರವ ಸದಸ್ಯರು ಉತ್ತರ ಕೊಡುವಂತಿಲ್ಲ, ಒಬ್ಬರ ಹಾಜರಿ ಇನ್ನೊಬ್ಬರು ಹೇಳಿದರೆ ಅದು ಹಾಜರಿಯೇ ಅಲ್ಲ ಎಂದು ಅಧ್ಯಕ್ಷರು ಮೆಲ್ಲಗೆ ಹೇಳಿದರು. ನೀವೇ ಹೇಳಿಬಿಡಿ ಎಂದು ನನಗೆ ಕಣ್ಸನ್ನೆ ಮಾಡಿದರು. ಹನ್ನೊಂದನೆಯ ವರ್ಷದ ಫಲಕ ನನ್ನ ನಾಲಿಗೆಯ ತುದಿಯಲ್ಲಿತ್ತು. ನಾನು ಹಲ್ಲಿನ ಡಾಕ್ಟರಿಗೆ ಚಹಾ ಕೊಟ್ಟೆ.

ಕಾರ್ಯದರ್ಶಿ ನನ್ನನ್ನೇ ನೋಡುತ್ತ ಇನ್ನೂ ಜೋರಾಗಿ "ಕನ್ನಡಕ?" ಎಂದ.

ಇವರ ಹುಬ್ಬು ಗಂಟಿಕ್ಕಿತು. ಗಂಟಲಲ್ಲಿ ಏನೋ ಒದ್ದಾಡಿತು. ಬಾಯಿ ಒಂದು ಕಡೆ ಎಳೆದುಕೊಂಡಿತು.

"ಬಂದಿದ್ದೀನಿ... ಅಂದ್ನಲ್ಲ. ಕಿವಿ... ಕೇಳ್ಸಲ್ವೇನಯ್ಯ?"

ಬೇಕರಿಯವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡರು. ಕಾರ್ಯದರ್ಶಿ ಅಧ್ಯಕ್ಷರನ್ನು ಕೇಳದೆ ತಲೆ ಬಗ್ಗಿಸಿ ಗುರುತು ಹಾಕಿದ. ಆಮೇಲೆ ಮುಂದಿನವರನ್ನು ಕೂಗಿದ.