ಅಜ್ಜನ ಸಾವಿಗೆ ಅಡ್ಡಬಂದ ಕಾಲುಗಳು

ನನ್ನ ಧ್ವನಿಯ ಬಗ್ಗೆ ನಾನೇ ಹೇಳಿಕೊಳ್ಳಬಾರದು. ಆದರೆ ಬೇರೆ ಯಾರೂ ಹೇಳುತ್ತಿಲ್ಲವಾದ್ದರಿಂದ ಹೇಳುತ್ತೇನೆ. ಕಾದಂಬರಿಗಳನ್ನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡಿಸುವುದು ನನ್ನ ಕಸುಬು. ನಾನು ಬಿರುಗಾಳಿಯನ್ನು ಓದಿದರೆ ಕೇಳುವವರು ಎದ್ದು ಹೋಗಿ ಕಿಟಕಿ ಮುಚ್ಚುತ್ತಾರೆ. ಹಸಿವನ್ನು ಓದಿದರೆ ಇಡೀ ಬೀದಿಯ ಅಡುಗೆಮನೆಗಳಲ್ಲಿ ಪಾತ್ರೆಗಳು ತಾವಾಗಿಯೇ ಸದ್ದು ಮಾಡುತ್ತವೆ. ಇಂಥ ಗಂಟಲು ಕೊಟ್ಟ ದೇವರಿಗೆ ಆಮೇಲೆ ಹೊಟ್ಟೆಕಿಚ್ಚಾಯಿತೋ ಏನೋ, ಅದರೊಳಗೇ ಒಂದು ಸೋಮಾರಿ ಥೈರಾಯ್ಡ್ ಗ್ರಂಥಿಯನ್ನೂ ಇಟ್ಟ. ಅದು ಊಟ ಮುಗಿಸಿ ಬಂದ ಗುಮಾಸ್ತನ ಹಾಗೆ ತೂಕಡಿಸುತ್ತಾ ಕೂತಿರುತ್ತದೆ. ಅದು ಬಿಟ್ಟ ಕೆಲಸವನ್ನೆಲ್ಲ ನನ್ನ ಕಾಲುಗಳು ವಹಿಸಿಕೊಂಡಿವೆ.

ಕೂತರೆ ಸಾಕು, ಮೀನಖಂಡದೊಳಗೆ ಇರುವೆಗಳ ಮೆರವಣಿಗೆ ಹೊರಡುತ್ತದೆ. ನೋವಲ್ಲ, ತುರಿಕೆಯೂ ಅಲ್ಲ. ಮೂಳೆಯೊಳಗೆ ಯಾರೋ ಸೋಡಾ ಬಾಟಲಿ ಕುಲುಕಿ ಮುಚ್ಚಳ ತೆಗೆದ ಹಾಗೆ. ಅಲ್ಲಾಡಿಸಿದರೆ ಒಂದು ಕ್ಷಣ ನೆಮ್ಮದಿ, ನಿಲ್ಲಿಸಿದರೆ ಮತ್ತೆ ಶುರು. ಹೊತ್ತು ಇಳಿದಷ್ಟೂ ಜೋರು. ಕಷ್ಟ ಬಂದಾಗ ಎಲ್ಲರೂ ಕಾಲಿಗೆ ಬುದ್ಧಿ ಹೇಳುತ್ತಾರಂತೆ. ನನ್ನ ಕಾಲುಗಳು ಯಾರ ಬುದ್ಧಿಮಾತನ್ನೂ ಕೇಳುವ ಜಾತಿಯವಲ್ಲ.

ನಮ್ಮ ರೆಕಾರ್ಡಿಂಗ್ ಕೋಣೆ ಬಟ್ಟೆ ಬೀರುವಿಗಿಂತ ಒಂದು ಗೇಣು ದೊಡ್ಡದು. ಗೋಡೆಗೆಲ್ಲ ಹಳೆಯ ಕಂಬಳಿ ಬಡಿದಿದ್ದಾರೆ. ಪಕ್ಕದ ಬಡಗಿಯ ಗರಗಸ ನಿಂತ ಮೇಲೆ, ಅಂದರೆ ಕಾಲುಗಳು ರಂಗಕ್ಕೆ ಬರುವ ಸಂಜೆಯ ಹೊತ್ತಿಗೇ, ನಮ್ಮ ಕೆಲಸ ಆರಂಭ. ಗಾಜಿನ ಆಚೆ ರೆಕಾರ್ಡ್ ಮಾಡುವವನು ಕಿವಿಯಪ್ಪ. ಸೊಳ್ಳೆ ಆಕಳಿಸಿದರೂ ಕೇಳಿಸಿಕೊಳ್ಳುವ ಕಿವಿ ಅವನದು, ಅದಕ್ಕೇ ಆ ಅಡ್ಡಹೆಸರು.

ದಿಂಬಿನಷ್ಟು ದಪ್ಪದ ಕಾದಂಬರಿ. ಪೂರ್ತಿ ಓದಿ ಮುಗಿಸಿದ್ದೆ. ಉಳಿದದ್ದು ಅಜ್ಜ ಸಾಯುವ ಕೊನೆಯ ಅಧ್ಯಾಯ ಮಾತ್ರ. "ಅಜ್ಜ ಕಣ್ಣು ಮುಚ್ಚಿದ. ಮನೆಯೆಲ್ಲ ನಿಶ್ಶಬ್ದವಾಯಿತು" ಎಂದು ಕಲ್ಲೂ ಕರಗುವಂತೆ ಓದಿದೆ. ಕಿವಿಯಪ್ಪ ಕೈಯೆತ್ತಿದ.

"ಸಾರ್, ಅಜ್ಜ ಸತ್ತ ಮನೇಲಿ ಹೊಲಿಗೆ ಮಿಷನ್ ತುಳೀತಿರೋದು ಯಾರು ಸಾರ್?"

"ನನ್ನ ಕಾಲು ಕಣಪ್ಪ."

"ಆಸ್ತಿಗೆ ಮಕ್ಕಳು ಓಡಿ ಬಂದಂಗೆ ಕೇಳಿಸ್ತಿದೆ."

ಮತ್ತೆ ಓದಿದೆ. ಅಜ್ಜ ಮತ್ತೆ ಸತ್ತ, ಮಕ್ಕಳು ಮತ್ತೆ ಓಡಿಬಂದರು. ಮೂರನೆಯ ಸಲ ಟವೆಲಿನಿಂದ ಕಾಲುಗಳನ್ನು ಕುರ್ಚಿಗೇ ಬಿಗಿದುಕೊಂಡೆ. ಆಗ ಕುರ್ಚಿಯೇ ನನ್ನನ್ನು ಹೊತ್ತುಕೊಂಡು ಬಾಗಿಲಿನ ಕಡೆ ಕುಪ್ಪಳಿಸಿತು.

ಸದ್ದು ಕೇಳಿ ಮಾಲೀಕರು ಒಳಗೆ ಬಂದರು. "ನಾಳೆ ಸಂಜೆ ಕೊನೇ ಸಲ ನೋಡ್ತೀನಿ ಸ್ವಾಮಿ. ಆಗ್ಲಿಲ್ಲ ಅಂದ್ರೆ ಜೇನುಗಂಟಲಿಗೆ ಕೊಡ್ತೀನಿ."

"ಕೊನೇ ಅಧ್ಯಾಯ ಮಾತ್ರ ತಾನೆ?"

"ಒಂದು ಪುಸ್ತಕಕ್ಕೆ ಎರಡು ಗಂಟಲಾ? ಮೊದಲಿಂದ ಅವರೇ ಓದ್ತಾರೆ. ನಿಮ್ಮದನ್ನ ಅಳಿಸ್ತೀವಿ."

ಜೇನುಗಂಟಲು ಎಂಬ ಮಹಾಶಯ ನನ್ನದೇ ಕಸುಬಿನವನು, ಕೊಲೆಯನ್ನು ಓದಿದರೂ ಸೋಪು ಮಾರಿದ ಹಾಗೆ ಇರುತ್ತದೆ. ನನ್ನ ಒಂದು ಇಡೀ ಬೇಸಿಗೆಯ ಓದನ್ನು ಅಳಿಸಿ ಅಲ್ಲಿ ಅವನ ಸೋಪಿನ ನೊರೆ!

ಬೆಳಗಾಗುತ್ತಲೇ ಹೆಂಡತಿ ನನ್ನನ್ನು ಡಾಕ್ಟರಮ್ಮನ ಬಳಿಗೆ ಹೊರಡಿಸಿಕೊಂಡು ಹೋದಳು. "ಇವರ ಕಾಲು ಒದ್ದು ಒದ್ದು ನನ್ನ ಸೊಂಟ ಹೋಯ್ತು ಡಾಕ್ಟ್ರೇ" ಎಂದು ಪೀಠಿಕೆ ಹಾಕಿದಳು.

"ನಾನು ಕೊಟ್ಟ ಮಾತ್ರೆ ಹೇಗೆ ತಗೋತಿದ್ದೀರಿ?" ಡಾಕ್ಟರಮ್ಮ ಕೇಳಿದರು.

ನಾನು ಎದೆಯುಬ್ಬಿಸಿದೆ. "ನಂದು ಒಂದೇ ಏಟಿನ ಪದ್ಧತಿ. ಥೈರಾಯ್ಡ್ ಮಾತ್ರೆ, ಕಬ್ಬಿಣದ ಮಾತ್ರೆ ಎರಡನ್ನೂ ಒಟ್ಟಿಗೆ ಬಾಯಿಗೆ ಹಾಕಿ, ಬಿಸಿ ಕಾಫೀಲಿ ಗುಳುಂ. ಸಮಯ ಉಳಿತಾಯ!"

"ಮಾತ್ರೆನೂ ಉಳಿತಾಯ ಆಗಿದೆ, ಮೈಗೆ ಒಂದೂ ಹತ್ತಿಲ್ಲ. ಕಬ್ಬಿಣ ಥೈರಾಯ್ಡ್ ಮಾತ್ರೆನ ಮೈಗೆ ಸೇರೋಕೆ ಬಿಡಲ್ಲ. ನಿಮ್ಮ ಕಾಫಿ ಎರಡಕ್ಕೂ ಅಡ್ಡಗಾಲು. ಮೈಯಲ್ಲಿ ಕಬ್ಬಿಣದ ಅಂಶ ಕಮ್ಮಿ ಇದ್ದಾಗ ಕಾಲು ಹೀಗೆ ಕಾಡೋದು ಜಾಸ್ತಿ, ಅದಕ್ಕೇ ಕೊಟ್ಟಿದ್ದೆ ನಾನು."

"ಎಂಥಾ ಬುದ್ಧಿವಂತರು ನೋಡಿ" ಎಂದಳು ಹೆಂಡತಿ, ಗೋಡೆಯ ಕಡೆ ತಿರುಗಿ.

"ಥೈರಾಯ್ಡ್ ಮಾತ್ರೆ ಎದ್ದ ತಕ್ಷಣ, ಬರೀ ನೀರಲ್ಲಿ. ಕಾಫಿ ಒಂದು ಗಂಟೆ ಆದ್ಮೇಲೆ. ಕಬ್ಬಿಣದ್ದು ನಾಲ್ಕು ಗಂಟೆ ಬಿಟ್ಟು."

"ಇವತ್ತು ಸಂಜೆಯೊಳಗೆ ವಾಸಿಯಾಗುತ್ತಲ್ಲ?"

"ಸಂಜೆಯಾ? ವಾರಗಟ್ಟಲೆ ಬೇಕು ಸ್ವಾಮಿ."

ಪ್ರಪಂಚದ ಶೋಕವನ್ನೆಲ್ಲ ಹೆಗಲ ಮೇಲೆ ಹೊತ್ತು ಮನೆಯ ಕಡೆ ನಡೆದೆ. ಸ್ವಲ್ಪ ದೂರ ಬಂದ ಮೇಲೆ ಹೆಂಡತಿ ಕೇಳಿದಳು: "ರೀ, ಈಗ ನಡೀತಿದ್ದೀರಲ್ಲ, ಕಾಲು ಏನಂತೆ?"

"ಈಗ ಸುಮ್ಮನಿವೆ."

"ಮತ್ತೆ ಕೂತ್ಕೊಂಡೇ ಓದ್ಬೇಕು ಅಂತ ನಿಮಗೆ ಹೇಳಿದ್ದು ಯಾರು?"

"ನಾನೂ ಅದನ್ನೇ ಹೇಳೋಣ ಅಂತಿದ್ದೆ" ಎಂದೆ. ಅವಳು ನಂಬಲಿಲ್ಲ, ಅದು ಅವಳ ಹಳೆಯ ಚಾಳಿ.

ಸಂಜೆ ಕುರ್ಚಿಯನ್ನು ಹೊರಗಿಡಿಸಿದೆ. ನೆಲಕ್ಕೆ ಹಾಸಿಗೆ ಹಾಸಿ, ಮೈಕನ್ನು ಬಾಯಿಯ ಮಟ್ಟಕ್ಕೆ ಏರಿಸಿ, ಬರಿಗಾಲಲ್ಲಿ ನಿಂತೆ. ಹೊರಗೆ ಜೇನುಗಂಟಲು ನನ್ನದೇ ಕುರ್ಚಿಯಲ್ಲಿ ವಿರಾಜಮಾನನಾಗಿ ಬಿಸಿನೀರು ಗುಟುಕರಿಸುತ್ತಿದ್ದ. ಗೋರಿ ತೋಡಲು ಬಂದವನು ಗುದ್ದಲಿ ತರುವುದನ್ನಷ್ಟೇ ಮರೆತಂತಿತ್ತು.

ಓದತೊಡಗಿದೆ. ಹಾಸಿಗೆಯ ಮೇಲೆ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಾ, ಹಿಮ್ಮಡಿ ಎತ್ತಿ ಇಳಿಸುತ್ತಾ ಓದಿದೆ. ಇರುವೆಗಳು ಹಿಂದೆ ಸರಿದವು. ಸೋಮಾರಿ ಥೈರಾಯ್ಡಿನಿಂದ ಗೊಗ್ಗರಾಗಿದ್ದ ಧ್ವನಿ ಸಾಯುವ ಅಜ್ಜನಿಗೆ ಅಳತೆ ಕೊಟ್ಟು ಹೊಲಿಸಿದಂತಿತ್ತು. ಅಜ್ಜ ಕಣ್ಣು ಮುಚ್ಚಿದ. ಮನೆಯೆಲ್ಲ ನಿಶ್ಶಬ್ದವಾಯಿತು. ಕಿವಿಯಪ್ಪ ಕೈಯೆತ್ತಿದ.

"ಮತ್ತೆ ಕಾಲಾ?"

"ಕಾಲು ಸುಮ್ಮನಿದೆ ಸಾರ್. ಅಜ್ಜ ಉಸಿರಾಡ್ತಿದ್ದಾನೆ."

ಅಷ್ಟು ಹೊತ್ತು ಹಿಮ್ಮಡಿ ಎತ್ತಿ ಇಳಿಸಿ ನಾನು ಏದುಸಿರು ಬಿಡುತ್ತಿದ್ದೆ. ಗಾಜಿನ ಆಚೆ ಮಾಲೀಕರು ಬಾಗಿಲಿನ ಕಡೆ ತಿರುಗಿದರು. ಜೇನುಗಂಟಲು ಕೆಮ್ಮಿ ಗಂಟಲು ಸರಿಮಾಡಿಕೊಂಡ. ಇದೊಂದನ್ನು ಮಾತ್ರ ಉಪ್ಪುಖಾರ ಹಚ್ಚದೆ ಹೇಳುತ್ತೇನೆ: ಆಗ ನನಗೆ ಹೆದರಿಕೆಯಾಯಿತು. ಆ ಪುಸ್ತಕದ ಪ್ರತಿ ಪುಟವನ್ನೂ ನಾನು ಚೆನ್ನಾಗಿ ಓದಿದ್ದೆ.

"ಇನ್ನೊಂದೇ ಒಂದು ಸಲ" ಎಂದೆ.

ಈ ಸಲ ಅವಸರ ಬಿಟ್ಟೆ. ವಾಕ್ಯಕ್ಕೊಂದು ಹೆಜ್ಜೆ, ವಿರಾಮಕ್ಕೊಂದು ಉಸಿರು. ಅಜ್ಜ ಸಾಯುವ ಜಾಗದಲ್ಲಿ ಬಲಗಾಲಿನ ಮೇಲೆ ನಿಂತು ಉಸಿರು ಬಿಗಿಹಿಡಿದೆ. ಎಡಗಾಲಿನಲ್ಲಿ ಸೋಡಾ ಉಕ್ಕತೊಡಗಿತು. ಉಕ್ಕಲಿ ಎಂದು ಬಿಟ್ಟೆ.

ಕಿವಿಯಪ್ಪನ ಕೈ ಮೇಲೇಳಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಹೆಡ್‌ಫೋನ್ ತೆಗೆದ.

"ಸತ್ತ ಸಾರ್."

"ಪಕ್ಕಾನಾ?"

"ಪಕ್ಕಾ. ಉಸಿರೂ ಇಲ್ಲ, ಕಾಲೂ ಇಲ್ಲ."

ಮಾಲೀಕರು ಕಣ್ಣೊರೆಸಿಕೊಂಡರು. ಧೂಳು ಬಿದ್ದಿರಬಹುದೆಂದು ಕಿವಿಯಪ್ಪ ಈಗಲೂ ವಾದಿಸುತ್ತಾನೆ. ನಾನು ದಿಗ್ವಿಜಯ ಮುಗಿಸಿದ ರಾಜನಂತೆ ಹೊರಬಂದೆ. ಕುರ್ಚಿಯಲ್ಲಿ ಜೇನುಗಂಟಲಿನ ಮುಖ ಬಾಡಿತ್ತು, ಮೊಣಕಾಲು ಮಾತ್ರ ಪಟಪಟನೆ ಕುಣಿಯುತ್ತಿತ್ತು.

"ಏನ್ರೀ, ಕಾಲು ಹೀಗೆ ಆಡ್ತಿದೆ?" ಎಂದು ಕಾಳಜಿಯಿಂದ ಬಗ್ಗಿ ನೋಡಿದೆ. "ಯಾವುದಕ್ಕೂ ಒಂದು ಸಲ ರಕ್ತ ಪರೀಕ್ಷೆ ಮಾಡಿಸ್ಕೊಳ್ಳಿ."