ಕೈ ಅಲುಗಿದ ಫೋಟೋ

ಮುರಾರಿ ಐತಾಳರು ಸುಳ್ಳು ಹೇಳಿದವರಲ್ಲ. ಬಾಯಿ ತೆರೆಯಲಿಲ್ಲ, ಅಷ್ಟೇ. ಬಾಯಿ ತೆರೆಯದೆಯೂ ಮನುಷ್ಯ ಎಂಥಾ ಹೊಂಡಕ್ಕೆ ಬೀಳಬಹುದೆಂದು ತಿಳಿಯಬೇಕಾದರೆ ಅವರ ಕಥೆ ಕೇಳಬೇಕು.

ಕಲ್ಕತ್ತೆಯ ಬಾಲಿಗಂಜಿನಲ್ಲಿ ಕೆಳಗೆ ಐತಾಳರ ಇಡ್ಲಿ ದೋಸೆಯ ಹೋಟೆಲು, ಮೇಲೆ ಮನೆ. ಉಡುಪಿ ಕಡೆಯಿಂದ ಮದುವೆಯಾಗಿ ಬಂದು ಹದಿನಾಲ್ಕು ವರ್ಷ. ಹೆಂಡತಿ ವೇದವತಿಯ ಹತ್ತಿರ ಅವಳ ಅಣ್ಣ ಕೊಟ್ಟ ಒಂದು ಡಬ್ಬಿ ಕ್ಯಾಮೆರಾ ಇತ್ತು. ಮಧ್ಯಾಹ್ನದ ಕೆಲಸ ಮುಗಿಸಿ ಕಿಟಕಿಯಲ್ಲಿ ನಿಂತು ಟ್ರಾಮಿನ ಫೋಟೋ ತೆಗೆಯುವಳು. "ಇದೆಂತ ಹುಚ್ಚು ಮಾರಾಯ್ತಿ, ಟ್ರಾಮು ದಿನಾ ಕಾಣುವುದಿಲ್ವಾ?" ಎಂದು ಐತಾಳರು ನಗುವರು. ಅವಳೂ ನಗುವಳು, ಇನ್ನೊಂದು ತೆಗೆಯುವಳು. ಒಮ್ಮೆ ಕಾಳಿಘಾಟಿನಲ್ಲಿ ದಾಸವಾಳದ ಮಾಲೆ ಮಾರುವ ಮುದುಕಿಯೊಬ್ಬಳನ್ನು ತೆಗೆದಳು. "ನಮ್ಮ ಅಮ್ಮನ ಹಾಗೆಯೇ ಕೂತಿದ್ದಾಳೆ," ಎಂದು ಮನೆಗೆ ಬರುವ ತನಕ ಅದನ್ನೇ ಹೇಳಿದಳು. ಅಮ್ಮ ತೀರಿಹೋಗಿ ಆಗಿನ್ನೂ ನಾಲ್ಕು ತಿಂಗಳಾಗಿತ್ತು.

ಅದೇ ಬೀದಿಯಲ್ಲಿ ಸರ್ವೆ ಆಫೀಸಿನ ಬಾಲಚಂದ್ರರ ಮನೆ. ಮೈಸೂರಿನವರು, ಮಾತು ಮೆತ್ತಗೆ. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಫೋಟೋ ಹವ್ಯಾಸದ ಐದಾರು ಮಂದಿ ಕನ್ನಡಿಗರು ಅಲ್ಲಿ ಸೇರುತ್ತಿದ್ದರು. ಅವರಿಗೆ ವಡೆ ಸಾಂಬಾರು ಐತಾಳರ ಹೋಟೆಲಿನಿಂದ. ಒಂದು ಭಾನುವಾರ ವೇದವತಿ ವಡೆಯ ಡಬ್ಬಿಯ ಜೊತೆ ಒಂದು ಲಕೋಟೆ ಕೊಟ್ಟಳು. "ತಿಳಿದವರು ಇರ್ತಾರಲ್ವಾ, ಹೇಗುಂಟು ಅಂತ ಕೇಳಿಕೊಂಡು ಬನ್ನಿ. ಗಂಡಸರ ಕೂಟಕ್ಕೆ ನಾನೆಂತ ಬರುವುದು?"

ಐತಾಳರು ಮುದುಕಿಯ ಫೋಟೋ ಮೇಜಿನ ಮೇಲಿಟ್ಟು "ಇದು..." ಎನ್ನುವಷ್ಟರಲ್ಲಿ ಬಾಲಚಂದ್ರರು ಕೈ ಅಡ್ಡ ಹಿಡಿದರು.

"ಇಟ್ಟೋರು ಮಾತಾಡೋ ಹಾಗಿಲ್ಲ ಐತಾಳರೇ, ಅದು ನಮ್ಮ ನಿಯಮ. ಎಲ್ಲರೂ ಹೇಳಿ ಮುಗಿಸೋವರೆಗೂ ಬಾಯಿ ಮುಚ್ಚಿಕೊಂಡು ಕೇಳ್ಬೇಕು. ನಾವೂ ಬಾಯಿಗೆ ಬಂದದ್ದು ಹೇಳೋಲ್ಲ. ಮೊದಲು ಒಂದು ಒಳ್ಳೆಯದು, ಆಮೇಲೆ ಒಂದು ಕೊರತೆ, ಕಡೆಗೆ ಅದಕ್ಕೊಂದು ದಾರಿ."

ರೈಲ್ವೆಯ ಬಸವಲಿಂಗಪ್ಪ, ಧಾರವಾಡದ ದೊಡ್ಡ ಗಂಟಲಿನವರು, ಮೊದಲು ಶುರುಮಾಡಿದರು. "ಎಂಥಾ ಕಣ್ಣ್ರೀ ನಿಮ್ಮವು ಐತಾಳ್ರ! ಮುದುಕಿ ಮಾರಿ ಮ್ಯಾಲಿನ ಬೆಳಕು ನೋಡ್ರಿ!" ಒಬ್ಬರಾದ ಮೇಲೆ ಒಬ್ಬರು ಹೊಗಳಿದರು. ಸರದಿ ಮುಗಿಯುವ ಹೊತ್ತಿಗೆ ಐತಾಳರು ಐದು ಹೊಗಳಿಕೆ ನುಂಗಿಯಾಗಿತ್ತು. ಈಗ "ನನ್ನದಲ್ಲ" ಎಂದರೆ ಎಲ್ಲರನ್ನೂ ಪೆದ್ದರನ್ನಾಗಿ ಮಾಡಿದ ಹಾಗಲ್ಲವೇ? ಬಿಸಿತುಪ್ಪ, ಉಗುಳುವ ಹಾಗಿಲ್ಲ.

ಸಾಲದ್ದಕ್ಕೆ ಅವರೂ ಬೇರೆಯವರ ಫೋಟೋಗಳಿಗೆ ಅಭಿಪ್ರಾಯ ಹೇಳಬೇಕಾಯಿತು. ಬಸವಲಿಂಗಪ್ಪನವರ ಹೌರಾ ಸೇತುವೆಯ ಫೋಟೋ ನೋಡಿ ಐತಾಳರು ತಲೆ ಕೆರೆದುಕೊಂಡರು. "ಬಡಿಸಿದ್ದು ಎಲ್ಲಾ ಉಂಟು. ಆದರೆ ಎಲೆಯ ಮೇಲೆ ಕೈ ಎಲ್ಲಿಗೆ ಮೊದಲು ಹೋಗಬೇಕು ಅಂತ ಗೊತ್ತಾಗುವುದಿಲ್ಲ. ಎರಡು ಪಲ್ಯ ಕಡಿಮೆ ಮಾಡಿ." ಎಲ್ಲರೂ ತಲೆದೂಗಿದರು. ತಾವು ಹೇಳಿದ್ದರಲ್ಲಿ ಅಂಥದ್ದೇನಿತ್ತೆಂದು ಐತಾಳರಿಗೆ ಇವತ್ತಿಗೂ ತಿಳಿಯದು.

ಮನೆಯಲ್ಲಿ ವೇದವತಿಗೆ "ಚೆಂದ ಉಂಟು ಅಂದ್ರು" ಎಂದಷ್ಟೇ ಹೇಳಿದರು. ಅದೂ ಸುಳ್ಳಲ್ಲ, ನೋಡಿ.

ಅದು ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರು ಬರಲಿದ್ದ ವರ್ಷ. ರಾಜ್ಯೋತ್ಸವಕ್ಕೆ ಕನ್ನಡ ಸಂಘದಲ್ಲಿ ಫೋಟೋ ಪ್ರದರ್ಶನವೆಂದು ಗೊತ್ತಾಯಿತು, ಮುದುಕಿಯ ಫೋಟೋ ಆಯ್ಕೆಯಾಯಿತು. ಫೋಟೋದ ಬಗ್ಗೆ ಐತಾಳರು ಎರಡು ಮಾತೂ ಆಡಬೇಕಂತೆ. ಸಂಘದ ಸುತ್ತೋಲೆ ಮನೆಗೇ ಬಂತು: "ಹೂವಿನ ಮುದುಕಿ. ಛಾಯಾಗ್ರಹಣ: ಮುರಾರಿ ಐತಾಳ." ವೇದವತಿ ಅದನ್ನು ಓದಿ, ಮಡಚಿ, ತೊಗರಿಬೇಳೆಯ ಡಬ್ಬಿಯ ಕೆಳಗಿಟ್ಟಳು. ಊಟಕ್ಕೆ ಸಾರು ಬಡಿಸಿದಳು. ಒಂದು ಮಾತಿಲ್ಲ. ಬೈದಿದ್ದರೆ ಐತಾಳರಿಗೆ ಹಗುರವಾಗುತ್ತಿತ್ತು. ಈ ಮೌನಕ್ಕೆ ಏನು ಅರ್ಥವೆಂದು ಹದಿನೈದು ದಿನ ತಲೆಕೆಡಿಸಿಕೊಂಡರು. ಓದಿಲ್ಲವೇನೋ ಎಂದು ತಾವೇ ಸಮಾಧಾನ ಹೇಳಿಕೊಂಡರು.

ಮುಂದಿನ ಕೂಟಕ್ಕೆ ಅವಳೇ ಲಕೋಟೆ ಅಂಟಿಸಿ ಕೊಟ್ಟಳು. "ಹೊಸತು. ಅಲ್ಲೇ ಒಡೆಯಿರಿ."

ಐತಾಳರು ಒಡೆದರು, ಮೇಜಿನ ಮೇಲಿಟ್ಟರು, ಆಮೇಲೆ ನೋಡಿದರು. ಫೋಟೋದಲ್ಲಿದ್ದವರು ಸ್ವತಃ ಅವರೇ! ಬನಿಯನ್ನು, ಪಂಚೆ. ಬೀರುವಿನ ಕನ್ನಡಿಯ ಮುಂದೆ ಬಾಯಿ ತೆರೆದು ನಿಂತಿದ್ದಾರೆ. ಒಂದು ಕೈಯಲ್ಲಿ ಮುದುಕಿಯ ಫೋಟೋ, ಇನ್ನೊಂದು ಕೈಯ ತೋರುಬೆರಳು ಮೇಲಕ್ಕೆ. ಭಾಷಣದ ತಾಲೀಮು.

"ಅರೆ, ಇವ್ರು ನಮ್ಮ ಐತಾಳ್ರಲ್ಲೇನ್ರೀ?" ಬಸವಲಿಂಗಪ್ಪ ಕನ್ನಡಕ ಏರಿಸಿದರು. "ಹಂಗಾದ್ರ ತೆಗೆದವ್ರು ಯಾರು?"

ಐತಾಳರು ಬಾಯಿ ತೆರೆದರು.

"ನಿಯಮ, ನಿಯಮ!" ಎಂದರು ಬಾಲಚಂದ್ರರು.

ಅಷ್ಟರಲ್ಲಿ ಕರೆಂಟು ಹೋಗಿ ಫ್ಯಾನು ನಿಂತಿತು. ಫೋಟೋವನ್ನು ಕಿಟಕಿಯ ಹತ್ತಿರ ಒಯ್ದು ಎಲ್ಲರೂ ಬಗ್ಗಿ ನೋಡಿದರು. ಹೊಟ್ಟೆಯ ಮೇಲೆ ಬೆಳಕು ಚೆನ್ನಾಗಿ ಬಿದ್ದಿದೆ ಎಂದರು ಒಬ್ಬರು, ಅದು ಒಳ್ಳೆಯದು. ಬಾಯಿ ಅಷ್ಟು ತೆರೆಯಬಾರದಿತ್ತು ಎಂದರು ಇನ್ನೊಬ್ಬರು, ಅದು ಕೊರತೆ. ಐತಾಳರ ಬೆನ್ನಲ್ಲಿ ಬೆವರು ಇಳಿಯಿತು. ಬೇಕೆಂದೇ ಕಳಿಸಿದಳೋ, ಲಕೋಟೆ ತಪ್ಪಿತೋ?

ಕೊನೆಗೆ ಬಾಲಚಂದ್ರರ ಸರದಿ. ತುಂಬಾ ಹೊತ್ತು ನೋಡಿದರು. "ಒಳ್ಳೆಯದು ಏನೂಂದ್ರೆ, ತೆಗೆದೋರಿಗೆ ಈ ಮನುಷ್ಯ ಚೆನ್ನಾಗಿ ಗೊತ್ತು. ಬೇರೆಯವರಾಗಿದ್ರೆ ಈ ಗಳಿಗೆಗೆ ಕಾಯ್ತಿರಲಿಲ್ಲ. ಕೊರತೆ ಏನೂಂದ್ರೆ, ಒತ್ತೋವಾಗ ಕೈ ಅಲುಗಿದೆ. ಅಂಚೆಲ್ಲಾ ಮಸುಕಾಗಿದೆ ನೋಡಿ. ನಕ್ಕು ಅಲುಗಿತೋ ಅತ್ತು ಅಲುಗಿತೋ, ನಂಗೆ ತಿಳೀತಿಲ್ಲ. ಉಸಿರು ಹಿಡಿದು ಒತ್ತಬೇಕು. ಹೂಂ, ಈಗ ಹೇಳಿ ಐತಾಳರೇ. ಹೋಟೆಲಿನ ಹುಡುಗರ ಕೈಲಿ ತೆಗೆಸಿದ್ರಾ?"

ಹೌದು ಎಂದರೆ ಆಯಿತು. ಅಷ್ಟು ಸುಲಭ. ಐತಾಳರ ಬಾಯಿಯವರೆಗೂ ಬಂದಿತ್ತು ಆ ಹೌದು. ಆದರೆ ಅಲುಗಿದ ಕೈ ಎಂಬ ಮಾತು ಎಲ್ಲೋ ಚುಚ್ಚಿತ್ತು. ದೋಸೆ ಹುಯ್ಯುವಾಗ ಒಂದು ದಿನವೂ ಅಲುಗದ ಕೈ ವೇದವತಿಯದು.

"ನನ್ನ ಹೆಂಡತಿ," ಎಂದರು. "ಇದೂ ಅವಳದ್ದೇ, ಮುದುಕಿಯೂ ಅವಳದ್ದೇ. ಎಲ್ಲಾ ಅವಳದ್ದೇ. ನನಗೆ ಕ್ಯಾಮೆರಾ ಹಿಡಿಯಲಿಕ್ಕೇ ಗೊತ್ತಿಲ್ಲ ಮಾರಾಯ್ರೆ."

ಬಸವಲಿಂಗಪ್ಪ ಕೈಯಲ್ಲಿದ್ದ ವಡೆಯನ್ನು ತಟ್ಟೆಗೆ ಇಟ್ಟರು. ಬಾಲಚಂದ್ರರು ಎದ್ದು ಹೋಗಿ ಒಂದು ಖಾಲಿ ಕಾರ್ಡು ತಂದರು. ಪ್ರದರ್ಶನದಲ್ಲಿ ಫೋಟೋದ ಕೆಳಗೆ ಅಂಟಿಸುವಂಥದ್ದು.

"ಹೆಸರು ಅವರೇ ಬರೀಲಿ," ಎಂದರು.

ಮನೆಗೆ ಬಂದಾಗ ವೇದವತಿ ಮೆಟ್ಟುಕತ್ತಿಯ ಮುಂದೆ ಕೂತು ಪೊಟೋಲ್ ಹೆಚ್ಚುತ್ತಿದ್ದಳು. ಬಂಗಾಳದ ಈ ತರಕಾರಿಗೆ ಅವಳು ಊರಿನ ತೊಂಡೆಕಾಯಿಯ ಹದ ಕಲಿಸಿದ್ದಳು.

"ಎಂತ ಹೇಳಿದ್ರು?"

"ಕೈ ಅಲುಗಿದೆಯಂತೆ. ಉಸಿರು ಹಿಡಿದು ಒತ್ತಬೇಕಂತೆ." ಐತಾಳರು ನೆಲದ ಮೇಲೆ ಕೂತರು. "ಯಾಕೆ ಅಲುಗಿತು ವೇದಾ? ನಗು ಬಂತಾ?"

"ಬಂತು. ನೀವು ಬೀರುವಿಗೆ ಪಾಠ ಹೇಳುವುದು ಕಂಡು ನಗು ತಡೆಯಲಿಕ್ಕಾಗಲಿಲ್ಲ. ಕ್ಯಾಮೆರಾ ತಂದದ್ದೇ ಅದಕ್ಕೆ." ಅವಳ ಕೈ ನಿಂತಿತು. "ಒತ್ತಬೇಕು ಅನ್ನುವಾಗ ನೀವು ಹೇಳಿದಿರಿ, 'ಈ ಮುದುಕಿಯನ್ನು ಕಂಡು ನನಗೆ ನನ್ನ ಅಮ್ಮನ ನೆನಪಾಯಿತು' ಅಂತ. ಫೋಟೋ ಇಟ್ಟುಕೊಳ್ಳಿ, ಹೆಸರೂ ಇಟ್ಟುಕೊಳ್ಳಿ. ಅಮ್ಮ ನನ್ನವಳಲ್ವಾ?"

ಐತಾಳರಿಗೆ ತಲೆ ಎತ್ತಲಾಗಲಿಲ್ಲ. ಆ ಸಾಲು ಎಲ್ಲಿಂದ ಬಂತೆಂದು ಅವರು ಒಮ್ಮೆಯೂ ಯೋಚಿಸಿರಲಿಲ್ಲ. ತಮಗೇ ಹೊಳೆದದ್ದೆಂದು ನಂಬಿದ್ದರು. ಜೇಬಿನಿಂದ ಖಾಲಿ ಕಾರ್ಡು ತೆಗೆದು ಅವಳ ಮುಂದಿಟ್ಟರು.

"ಎಲ್ಲಾ ಹೇಳಿಬಿಟ್ಟೆ. ಹೆಸರು ನೀನೇ ಬರೆಯಬೇಕಂತೆ," ಎಂದರು. "ಮುಂದಿನ ತಿಂಗಳು ನೀನೂ ಬಾ. ಆದರೆ ಕಷ್ಟ ಉಂಟು. ಎಲ್ಲರೂ ಹೇಳಿ ಮುಗಿಸುವ ತನಕ ಬಾಯಿ ಮುಚ್ಚಿ ಕೂರಬೇಕು."

"ಅದೆಂತ ಕಷ್ಟ? ಹದಿನಾಲ್ಕು ವರ್ಷದ ಅಭ್ಯಾಸ ಉಂಟು ನನಗೆ," ಎಂದು ವೇದವತಿ ಸೆರಗಿಗೆ ಕೈ ಒರೆಸಿಕೊಂಡು ಕಾರ್ಡು ತೆಗೆದುಕೊಂಡಳು.