ಹವಳಗಾದಲ್ಲಿ ಊದದೆ ಉಳಿದ ಸೀಟಿ

ನನ್ನ ಗಂಟಲಿನಲ್ಲಿ ಅರ್ಧ ಅಫಜಲಪುರ ಬಾಡಿಗೆ ಕೊಡದೆ ವಾಸವಾಗಿದೆ. ಬಸ್ ನಿಲ್ದಾಣದ ಎದುರು ಚಹಾ ಮಾರುವ ರಸೂಲ್ ಚಾಚಾ ಇದ್ದಾರೆ. ನಮ್ಮ ಓಣಿಯ ಬಾಳಮ್ಮಾಯಿ ತನ್ನ ಎಮ್ಮೆಯನ್ನು ಬೈಯುವುದಿದೆ, ಆ ಎಮ್ಮೆ ತಿರುಗಿ ಬೈಯುವುದೂ ಇದೆ. ಜೇವರ್ಗಿಯ ಕಾಲೇಜೊಂದರಲ್ಲಿ ನಾನು ಅತಿಥಿ ಉಪನ್ಯಾಸಕ. ಸಂಬಳಕ್ಕೆ ತಿಥಿ ಇಲ್ಲದ್ದರಿಂದ ಆ ಹೆಸರು ಎಂದು ವಿದ್ಯಾರ್ಥಿಗಳಿಗೆ ಹೇಳುತ್ತೇನೆ, ಅದನ್ನೂ ಪ್ರಿನ್ಸಿಪಾಲರ ದನಿಯಲ್ಲೇ. ನನಗೆ ಬಾರದಿದ್ದದ್ದು ಒಂದೇ ದನಿ. ಅಪ್ಪನದು.

ಅಪ್ಪ ಮಹಾದೇವಪ್ಪ ಸರ್ಕಾರಿ ಬಸ್ಸಿನ ಕಂಡಕ್ಟರ್. ಒಂದು ಸೀಟಿ ಊದಿದರೆ ಬಸ್ ನಿಲ್ಲಬೇಕು, ಎರಡು ಊದಿದರೆ ಹೊರಡಬೇಕು. "ಕಂಡಕ್ಟರಗ ಸೀಟ್ ಇರದಿದ್ರೂ ನಡೀತದ, ಸೀಟಿ ಇರಬೇಕು" ಎನ್ನುತ್ತಿದ್ದ. ಸಂಜೆ ಡ್ಯೂಟಿ ಮುಗಿಸಿ ಬರುವಾಗ ಓಣಿಯ ತುದಿಯಿಂದಲೇ ಕೂಗು: "ಮಲ್ಕಮ್ಮನ ಮನಿ, ಮಲ್ಕಮ್ಮನ ಮನಿ! ಇಳಿಯೋರು ಇಳೀರಿ!" ಅವ್ವ ಒಳಗಿನಿಂದ, "ಚಿಲ್ಲರ ತಂದಿದ್ರ ಒಳಗ ಬರ್ರಿ" ಎನ್ನುತ್ತಿದ್ದಳು.

ನಾಲ್ಕು ವರ್ಷದ ಹಿಂದೆ, ಆಳಂದಕ್ಕೆ ಹೊರಟ ಬಸ್ಸಿನಲ್ಲಿ, ಹವಳಗಾ ಸ್ಟಾಪ್ ಬಂದಾಗ ಅಪ್ಪ ಒಂದು ಸೀಟಿ ಊದಿದ. ಬಸ್ ನಿಂತಿತು. ಇಳಿಯುವವರು ಇಳಿದರು, ಹತ್ತುವವರು ಹತ್ತಿದರು. ಡ್ರೈವರ್ ಮಾಳಿಂಗಪ್ಪ ಕಾಕಾ ಎರಡು ಸೀಟಿಗಾಗಿ ಕಾಯ್ದರು. ಹಿಂದೆ ಸಕ್ಕರೆ ಕಾರ್ಖಾನೆಗೆ ಹೊರಟಿದ್ದ ಕಬ್ಬಿನ ಟ್ರ್ಯಾಕ್ಟರುಗಳು ಹಾರ್ನ್ ಹೊಡೆಯತೊಡಗಿದವು. ಕೊನೆಗೆ ಕಾಕಾ ತಿರುಗಿ ನೋಡಿದರೆ, ಹಿಂದಿನ ಬಾಗಿಲ ಪಕ್ಕದ ತನ್ನ ಸೀಟಿನಲ್ಲಿ ಅಪ್ಪ ತುಟಿಯಲ್ಲಿ ಸೀಟಿ ಇಟ್ಟುಕೊಂಡೇ ಜೀವ ಬಿಟ್ಟಿದ್ದ.

ಆ ಸೀಟಿ ಅವ್ವನ ಟ್ರಂಕು ಸೇರಿತು. ಅಪ್ಪನ ಫೋಟೊಗಳಿದ್ದವು. ದನಿ ಮಾತ್ರ ಯಾವ ಮೊಬೈಲಿನಲ್ಲೂ ಉಳಿದಿರಲಿಲ್ಲ.

"ಊರ ಮಂದಿದೆಲ್ಲ ಮಾಡ್ತೀದಿ, ಹಡದಪ್ಪಂದು ಒಂದ್ ಸಲ ಮಾಡಲೇ ಪ್ರಬುದ್ಧ್ಯಾ," ಎಂದು ಅವ್ವ ಕೇಳುತ್ತಿದ್ದಳು. "ದಿನಾ ಚೂರ ಚೂರ ಮರಿಯಾಕತ್ತೇನಿ. ಪೂರಾ ಮರತ್ರ ಏನ್ ಮಾಡ್ಲಿ?"

ನಾನು ಬಾಯಿ ತೆರೆದರೆ ಬರುತ್ತಿದ್ದದ್ದು ಬರೀ ಕೆಮ್ಮು.

ಹೋದ ವರ್ಷ ನಮ್ಮ ಕಡೆಯ ಇಪ್ಪತ್ತೆರಡು ಮಂದಿ ಬೌದ್ಧ ಉಪಾಸಕರ ಜೊತೆ ಶ್ರೀಲಂಕಾಕ್ಕೆ ಹೋದೆ. ಅನುರಾಧಪುರದಲ್ಲಿ ಬೋಧಿವೃಕ್ಷದ ದರ್ಶನವಾಯಿತು. ಮಧ್ಯಾಹ್ನ ಉಂಡು ಎಲ್ಲರೂ ಅಡ್ಡಾದಾಗ ನಾನು ಬಾಳೆಹಣ್ಣು ಕೊಳ್ಳಲು ಬಸ್ ನಿಲ್ದಾಣದ ಕಡೆ ನಡೆದೆ. ಆಗ ಹಿಂದಿನಿಂದ ಅಪ್ಪ ಕೂಗಿದ.

"ಕುರುಣೆಗಲ ಕುರುಣೆಗಲ ಕುರುಣೆಗಲ!"

ಮೊದಲೆರಡು ಸಲ ಹರಿದು ಎಸೆದಂತೆ, ಮೂರನೆಯದು ಮಾತ್ರ ಸ್ವಲ್ಪ ಎಳೆದು, ಮೂಗಿನಲ್ಲಿ ಮುಗಿಸಿದಂತೆ. ಅಪ್ಪ 'ಆಳಂದ' ಎನ್ನುತ್ತಿದ್ದದ್ದು ಹೀಗೇ. ತಿರುಗಿದೆ. ನೀಲಿ ಅಂಗಿಯ ಒಬ್ಬ ಗಿಡ್ಡ ಮನುಷ್ಯ ಖಾಸಗಿ ಬಸ್ಸಿನ ಬಾಗಿಲಲ್ಲಿ ಜೋತುಬಿದ್ದಿದ್ದ. ಬೋಳು ತಲೆ, ದಪ್ಪ ಮೀಸೆ. ಮುಖ ಅಪ್ಪನದಲ್ಲ. ದನಿಯಷ್ಟೇ ಅಪ್ಪನದು. ನಾನು ಕುರುಣೆಗಲಕ್ಕೆ ಹೋಗಬೇಕಾಗಿರಲಿಲ್ಲ, ಕಾಲುಗಳು ಹತ್ತಿಬಿಟ್ಟವು.

ಟಿಕೆಟ್ ಕೇಳಲು ಬಂದವನು ನನ್ನ ಕಣ್ಣು ನೋಡಿ ನಿಂತ. ಸಿಂಹಳದಲ್ಲಿ ಏನೋ ಕೇಳಿದ. ನಾನು ತಲೆ ಅಲ್ಲಾಡಿಸಿದೆ. ತಟ್ಟನೆ ಅವನ ಬಾಯಿಂದ ನಮ್ಮ ಕಡೆಯ ಹೈದರಾಬಾದಿ ಉರ್ದು ಬಂತು: "ಕೈಕು ರೋರೈ ಭಾಯ್?" ಯಾಕೆ ಅಳುತ್ತಿದ್ದೀಯ ಅಣ್ಣಾ ಎಂದು.

ಹೆಸರು ಪಿಯದಾಸ. ದುಬೈನಲ್ಲಿ ಆರು ವರ್ಷ ಹೈದರಾಬಾದಿನ ಮಸೂದ್ ಎಂಬವನ ಜೊತೆ ಒಂದೇ ಕೋಣೆಯಲ್ಲಿದ್ದನಂತೆ. ಅನ್ನವನ್ನೂ ಭಾಷೆಯನ್ನೂ ಹಂಚಿಕೊಂಡಿದ್ದರು. ನಾನು ತೊದಲುತ್ತ ವಿಷಯ ಹೇಳಿದೆ. ಅವನು ಕೈಯಲ್ಲಿದ್ದ ಚೀಟಿ ಕಟ್ಟನ್ನು ಜೇಬಿಗೆ ತುರುಕಿ ನಕ್ಕ.

"ಕಿರಾಯಾ ನಕ್ಕೋ. ಬಾವಾ ಬೇಟೆ ಸೇ ಕಿರಾಯಾ ಲೇತಾ ಕ್ಯಾ?" ಚಾರ್ಜ್ ಬೇಡ, ಮಗನ ಹತ್ತಿರ ಅಪ್ಪ ಬಸ್ ಚಾರ್ಜ್ ಕೇಳುತ್ತಾನೆಯೇ ಎಂದು, ಅದೂ ಅಪ್ಪನ ದನಿಯಲ್ಲೇ. ತೆಗೆದಿದ್ದ ನೋಟನ್ನು ಮತ್ತೆ ಜೇಬಿಗೆ ಹಾಕಿಕೊಂಡೆ.

ನಾಳೆ ಬರುತ್ತೇನೆಂದು ಜೊತೆಯವರಿಗೆ ಫೋನ್ ಮಾಡಿದೆ. ಸಂಜೆ ಕುರುಣೆಗಲದ ಅವನ ಮನೆಯಲ್ಲಿ ಕೆಂಪಕ್ಕಿ ಅನ್ನ, ಕಾಯಿತುರಿ ಚಟ್ನಿ. ಬಸ್ ಹೊರಡಿಸುವಾಗ ಅವನು "ಹರಿ, ಹರಿ" ಎನ್ನುತ್ತಿದ್ದ. ಅವರ ಭಾಷೆಯಲ್ಲಿ ಅದು ಸರಿ ಎಂದರ್ಥ. "ಬುದ್ಧನ ನಾಡಿನಲ್ಲಿ ಬಸ್ಸಿಗೆ ಮಾತ್ರ ಹರಿಯೇ ಗತಿ," ಎಂದೆ. ವಿವರಿಸಿ ಹೇಳುವಷ್ಟರಲ್ಲಿ ಜೋಕು ಸತ್ತಿತ್ತು, ಆದರೂ ಹೊಟ್ಟೆ ಹಿಡಿದು ನಕ್ಕ. ಆ ಉತ್ಸಾಹದಲ್ಲಿ ನಾನು ಎದ್ದು ನಿಂತು ಅವನನ್ನೇ ಮಾಡಿ ತೋರಿಸಿದೆ: "ಕುರುಣೆಗಲ ಕುರುಣೆಗಲ ಕುರುಣೆಗಲ!"

ಮೂರು ವರ್ಷ ಬಾರದ್ದು ಒಂದೇ ಸಲಕ್ಕೆ ಬಂತು. ಹಿತ್ತಿಲಿನಿಂದ ಅವನ ಮಗಳು ನದೀಶಾ, "ತಾತ್ತಾ?" ಎಂದು, ಅಂದರೆ ಅವರ ಭಾಷೆಯಲ್ಲಿ ಅಪ್ಪಾ ಎಂದು, ಓಗೊಡುತ್ತ ಒಳಬಂದಳು. ತನ್ನ ಅಪ್ಪನನ್ನು ನೋಡಿದಳು, ನನ್ನನ್ನು ನೋಡಿದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಪಿಯದಾಸನೂ ಬಾಯಿ ಅಗಲಿಸಿದ, ಭುಜ ಕುಣಿದವು. ಸದ್ದು ಬರಲಿಲ್ಲ. ಅನ್ನ ನೆತ್ತಿಗೇರಿರಬೇಕು ಎಂದು ನಾನು ನೀರು ಕೊಟ್ಟೆ.

ಮರುದಿನ ಬೆಳಿಗ್ಗೆ ನನ್ನನ್ನು ಅನುರಾಧಪುರದ ಬಸ್ಸಿಗೆ ಹತ್ತಿಸಿದಾಗ ಅವನು ಕೂಗಲಿಲ್ಲ. ಅಂಗೈಯಿಂದ ಬಸ್ಸಿನ ಮೈ ಬಡಿದ. "ಗಲಾ ಬೈಠಗಯಾ," ಎಂದ. ಗಂಟಲು ಕೂತಿದೆ, ಅಷ್ಟೇ.

ಅಫಜಲಪುರಕ್ಕೆ ಬಂದ ಸಂಜೆ ಓಣಿಯ ತುದಿಯಲ್ಲಿ ಚೀಲ ಕೆಳಗಿಟ್ಟೆ. ಮನೆಯೊಳಗಿನಿಂದ ಅವ್ವ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು.

"ಮಲ್ಕಮ್ಮನ ಮನಿ, ಮಲ್ಕಮ್ಮನ ಮನಿ! ಇಳಿಯೋರು ಇಳೀರಿ!"

ರೊಟ್ಟಿ ಬಡಿಯುವುದು ನಿಂತಿತು. ಬಾಳಮ್ಮಾಯಿಯ ಎಮ್ಮೆ ಮೇವು ಬಿಟ್ಟು ತಲೆ ಎತ್ತಿತು. ಆಮೇಲೆ ಒಳಗಿನಿಂದ, ಇಪ್ಪತ್ತು ವರ್ಷ ಚಿಕ್ಕದಾದ ಒಂದು ದನಿ ಬಂತು: "ಚಿಲ್ಲರ ತಂದಿದ್ರ ಒಳಗ ಬರ್ರಿ."

ಆಮೇಲೆ ಅದು ದಿನದ ಪಾಠವಾಯಿತು. ನಾನು ಜೇವರ್ಗಿಯಿಂದ ಬರುವುದು, ಕೂಗುವುದು, ಅವ್ವ ಓಗೊಡುವುದು. ಊಟಕ್ಕೆ ಅವ್ವ ಮೂರು ತಾಟು ಇಡತೊಡಗಿದಳು. ಬಾಳಮ್ಮಾಯಿ ಆ ಹೊತ್ತಿಗೆ ಸರಿಯಾಗಿ ಬಾಗಿಲು ಹಾಕಿಕೊಳ್ಳತೊಡಗಿದಳು. "ನಿನ್ನ ಬಾಯಿ ಛಲೋ ಅದಲೇ ಹುಡುಗಾ," ಎಂದಳು ಒಮ್ಮೆ, ನನ್ನ ಮುಖ ನೋಡದೆ. "ಆದ್ರ ನೀ ಒದರಾಗ ನಿನ್ನ ಹಿಂದ ಎರಡ ನೆರಳ ಇರ್ತಾವ."

ಅತ್ತ ಪಿಯದಾಸನ ದನಿ ಸಂದೇಶಗಳು ಫೋನಿಗೆ ಬರುತ್ತಿದ್ದವು. ಮೊದಲನೆಯದು ಒಡಕು. ಮುಂದಿನವು ಅರ್ಧ ಮಾತು, ಅರ್ಧ ಗಾಳಿ. ಕೊನೆಯದರಲ್ಲಿ ಉಸಿರು ಮಾತ್ರ ಇತ್ತು. ಅದರ ಮೇಲೆ ನದೀಶಾ ಬರೆದು ಕಳಿಸಿದಳು: ವೈದ್ಯರು ಗಂಟಲಲ್ಲಿ ನಳಿಕೆ ಇಳಿಸಿ ನೋಡಿದರು, ಏನೂ ದೋಷವಿಲ್ಲವಂತೆ. ಮಾಲೀಕರು ಬಸ್ಸಿಗೆ ಬೇರೆಯವರನ್ನು ಹಾಕಿಕೊಂಡಿದ್ದಾರೆ. ಅಪ್ಪ ಕಿಟಕಿಯಲ್ಲಿ ಕೂತು ಹೋಗುವ ಬಸ್ಸುಗಳಿಗೆ ತುಟಿ ಆಡಿಸುತ್ತಾರೆ, ಸಂಜೆಯ ಹೊತ್ತು ಮಾತ್ರ.

ಸಂಜೆಯ ಹೊತ್ತು. ಓದಿ ಫೋನ್ ಬೋರಲು ಹಾಕಿದೆ. ನಾಳೆಯಿಂದ ನಿಲ್ಲಿಸುತ್ತೇನೆ ಎಂದುಕೊಂಡೆ. ಒಂಬತ್ತು ದಿನ ಹೀಗೇ ಅಂದುಕೊಂಡೆ. ಮೂರನೇ ತಾಟಿಗೆ ರೊಟ್ಟಿ ಹಾಕುವ ಅವ್ವನ ಮುಖ ನೋಡಿದರೆ ಹೇಳಲು ಬಾಯಿ ಬರುತ್ತಿರಲಿಲ್ಲ. ನನ್ನ ಬಾಯಿ ಎನ್ನುವುದೂ ಆಗ ಎಷ್ಟು ನನ್ನದಾಗಿತ್ತೋ.

ಹತ್ತನೇ ದಿನ ಅವ್ವ ತಮಾಷೆಗೆ, "ಇವತ್ತ ಯಾಕ್ರಿ ತಡಾ?" ಎಂದಳು. ಗಾಡಿ ರಶ್ ಇತ್ತು ಎನ್ನಬೇಕೆಂದಿದ್ದೆ. ಬಾಯಿ ಬೇರೆ ಹೇಳಿತು.

"ಬಸ್ ನಿಂತದ, ಮಲ್ಕಿ. ಹವಳಗಾ ಇನ್ನಾ ದಾಟಿಲ್ಲ. ಮಂದಿ ಎಲ್ಲಾ ಒಳಗ ಕುಂತು ನನ್ ಮಾರಿನೇ ನೋಡಾಕತ್ತಾರ."

ನಾನು ತುಟಿ ಮುಚ್ಚಿದೆ. ಕೊನೆಯ ಶಬ್ದ ತುಟಿ ಮುಚ್ಚಿದ ಮೇಲೆ ಬಂತು.

ಅವ್ವನ ಕೈ ತಾಟಿನ ಮೇಲೇ ನಿಂತಿತು. "ಮಲ್ಕಿ ಅಂತ ನಿನಗ ಯಾರ್ ಹೇಳಿದ್ರು?"

"ಯಾರೂ ಹೇಳಿಲ್ಲ ಯವ್ವಾ."

"ಅವರು ಹಂಗ ಕರೀತಿದ್ದದ್ದು ನಾವಿಬ್ಬರೇ ಇದ್ದಾಗ."

ಎಲ್ಲ ಹೇಳಿಬಿಟ್ಟೆ. ಫೋನನ್ನೂ ಕೊಟ್ಟೆ. ಅವ್ವ ಪಿಯದಾಸನ ಸಂದೇಶಗಳನ್ನು ಮೊದಲಿನಿಂದ ಕೊನೆಯವರೆಗೆ ಕಿವಿಗಿಟ್ಟು ಕೇಳಿದಳು. ಉಸಿರು ಮಾತ್ರ ಇದ್ದದ್ದನ್ನು ಎರಡು ಸಲ.

"ನಾ ಕೇಳಿದ್ದು ಒಂದ್ ಸಲ ಲೇ. ನೀ ದಿನಾ ತಂದಿ, ನಾ ದಿನಾ ಉಂಡೆ." ಸೆರಗಿನಿಂದ ಮುಖ ಒರೆಸಿಕೊಂಡಳು. "ಆ ಅಣ್ಣ ಬಾಯಿ ಇಲ್ಲದ ಹ್ಯಾಂಗ ಹೊಟ್ಟಿ ಹೊರೀಬೇಕು? ನಿಮ್ಮಪ್ಪನ್ನ ಹೋಗಗೊಡಲಿಲ್ಲ, ಆ ಅಣ್ಣನ್ನ ಬದುಕಗೊಡಲಿಲ್ಲ ನಾವು." ಮೂರನೇ ತಾಟು ಎತ್ತಿಟ್ಟಳು. ಆಮೇಲೆ ಟ್ರಂಕಿನ ಬೀಗ ತೆಗೆದಳು.

ಮರುದಿನ ಮಧ್ಯಾಹ್ನ ಆಳಂದದ ಬಸ್ಸಿಗೆ ಹತ್ತಿದೆವು. ಅಪ್ಪ ಹೋದ ಮೇಲೆ ಅವ್ವ ಆ ಬಸ್ ಹತ್ತಿರಲಿಲ್ಲ. ಮಾಳಿಂಗಪ್ಪ ಕಾಕಾ ಸ್ಟೇರಿಂಗ್ ಬಿಟ್ಟು ಎದ್ದು ನಿಂತರು. "ವೈನಿ, ನೀವು ಈ ಗಾಡಿಗೆ?"

"ಸ್ವಲ್ಪ ಕೆಲಸ ಉಳದದರಿ, ಮಾಳಿಂಗಣ್ಣಾ."

ಹೊಸ ಕಂಡಕ್ಟರ್ ಭಾಗ್ಯಾ ಟಿಕೆಟ್ ಮಿಷನ್ ಹಿಡಿದು ಬಂದಳು. "ಎಲ್ಲಿಗ್ರಿ ಯವ್ವಾ?"

"ನಂದು ಫ್ರೀ. ಇವಂದು ಹವಳಗಾ ಒಂದು. ಇನ್ನೊಂದು ಆಳಂದ."

"ಇಬ್ಬರೇ ಕುಂತೀರಲ್ರಿ?"

ನಾನು ಸಮಜಾಯಿಷಿ ಕೊಡಲು ಬಾಯಿ ತೆರೆದೆ. "ಹರಿ ತಂಗಿ, ಹರಿ," ಎಂದಿತು ಗಂಟಲು, ಟಿಕೆಟ್ ಹರಿದುಕೊಡು ಎಂದು, ಅಪ್ಪನ ದನಿಯಲ್ಲಿ. ಬಸ್ ಒಮ್ಮೆ ಎಡಕ್ಕೆ ವಾಲಿ ನೆಟ್ಟಗಾಯಿತು. ಕನ್ನಡಿಯಲ್ಲಿ ಮಾಳಿಂಗಪ್ಪ ಕಾಕಾರ ಕಣ್ಣು ಕಂಡವು. ಅವರು ಮತ್ತೆ ಕನ್ನಡಿ ನೋಡಲಿಲ್ಲ. ಭಾಗ್ಯಾ ಎರಡು ಟಿಕೆಟ್ ಹರಿದು ಕೊಟ್ಟಳು.

ಹವಳಗಾದಲ್ಲಿ ಗಾಳಿಗೆ ಬೆಲ್ಲ ಕುದಿದ ವಾಸನೆ. ಭಾಗ್ಯಾ ಒಂದು ಸೀಟಿ ಊದಿದಳು. ಬಸ್ ನಿಂತಿತು. ಇಳಿಯುವ ಮುಂಚೆ ಅವ್ವ ಹಿಂದಿನ ಬಾಗಿಲ ಪಕ್ಕದ ಕಂಡಕ್ಟರ್ ಸೀಟಿನ ಮೇಲೆ ಆಳಂದದ ಟಿಕೆಟ್ ಇಟ್ಟಳು. ಹಾರಬಾರದೆಂದು ಅಂಗೈಯಿಂದ ಒತ್ತಿದಳು, ಯಾರದೋ ಎದೆ ಸವರಿದಂತೆ. ಕೆಳಗಿಳಿದು ಸೆರಗಿನ ಗಂಟು ಬಿಚ್ಚಿ ಅಪ್ಪನ ಸೀಟಿ ತೆಗೆದಳು. ಭಾಗ್ಯಾಳ ಕಡೆ ನೋಡಿ, "ಇದೊಂದ್ ಸಲ ನನಗ ಬಿಡವ್ವ" ಎಂದಳು.

ಮೊದಲು ಊದಿದಾಗ ಬರೀ ಗಾಳಿ. ಮೂರು ವರ್ಷದ ಮೌನ ಅದರೊಳಗೆ ಅಂಟಿಕೊಂಡಿತ್ತೇನೋ. ಒರೆಸಿ ಮತ್ತೆ ತುಟಿಗಿಟ್ಟಳು.

ಒಂದು. ಎರಡು.

ಕಾಕಾ ಗೇರ್ ಹಾಕಿದರು. ಬಸ್ ಹೊರಟಿತು. ನನ್ನ ಗಂಟಲಲ್ಲಿ ಯಾರೋ ಕಂಬಿ ಹಿಡಿದು ಮೆಟ್ಟಿಲಿಳಿದಂತಾಯಿತು. ನಾನು ತುಟಿ ಕಚ್ಚಿ ಹಿಡಿದಿದ್ದೆ. ಆದರೂ ಬಸ್ಸಿನ ಹಿಂಬಾಗಿಲಿನಿಂದ ಕೇಳಿತು.

"ಆಳಂದ ಆಳಂದ ಆಳಂದ!"

ಮೂರನೆಯದು ಸ್ವಲ್ಪ ಎಳೆದು, ಮೂಗಿನಲ್ಲಿ ಮುಗಿಸಿದಂತೆ. ಬಾಗಿಲಲ್ಲಿ ನಿಂತಿದ್ದ ಭಾಗ್ಯಾ ಕೈಯಿಂದ ಬಾಯಿ ಮುಚ್ಚಿಕೊಂಡು ತನ್ನ ಖಾಲಿ ಸೀಟನ್ನೇ ನೋಡುತ್ತಿದ್ದಳು. ಧೂಳು ಅವರೆಲ್ಲರನ್ನೂ ನುಂಗಿತು. ಅವ್ವ ತಲೆಯ ಮೇಲೆ ಸೆರಗು ಹೊದ್ದು, ಧೂಳು ಕೂರುವವರೆಗೆ ನಿಂತಳು.

ಫೋನ್ ಅದುರಿತು. ಪಿಯದಾಸನ ಸಂದೇಶ. ಒಂದು ಕೆಮ್ಮು, ಆಮೇಲೆ "ಕುರುಣೆಗಲ ಕುರುಣೆಗಲ ಕುರುಣೆಗಲ!" ಹಿಂದೆ ಅವನ ಹೆಂಡತಿ ಮಗಳ ನಗು, ಅಳು. ಕೊನೆಗೆ, "ಬೇಟಾ, ಕಿರಾಯಾ ನಕ್ಕೋ!"

ಅವ್ವನ ಕಿವಿಗೆ ಹಿಡಿದೆ. ಇನ್ನೊಮ್ಮೆ ಕೇಳಿಸು ಎನ್ನುತ್ತಾಳೆ ಎಂದುಕೊಂಡೆ. ಅವಳು ಫೋನ್ ವಾಪಸು ಕೊಟ್ಟಳು.

"ಇದು ಅವರ ದನಿ ಅಲ್ಲ. ಆ ಅಣ್ಣಂದು," ಎಂದಳು. "ಹೆಂಡತಿ ಮಗಳನ ಕರಕೊಂಡು ಅಫಜಲಪುರಕ್ಕ ಬರ್ರಿ ಅಂತ ಹೇಳು. ರೊಟ್ಟಿ ಬಡದು ಹಾಕ್ತೇನಿ."

"ಹೇಳ್ತೇನಿ ಯವ್ವಾ," ಎಂದೆ. ಬಂದದ್ದು ನನ್ನ ದನಿ. ನನಗೇ ಪರಿಚಯ ತಪ್ಪಿದಂತಿತ್ತು.

ರಸ್ತೆ ದಾಟಿ ಆಚೆ ಬದಿಗೆ ನಿಂತೆವು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಅಫಜಲಪುರಕ್ಕೆ ಹೋಗುವ ಬಸ್ ಕಂಡಿತು. ನಾನು ಕೈ ಎತ್ತುವ ಮೊದಲೇ ಅವ್ವ ಒಂದು ಸೀಟಿ ಊದಿದಳು. ಒಂದೇ.